ನನ್ನ ಹಿಂದೆ ಬಂದ ಕೂಗು

ದೆವ್ವ, ಗಾಳಿ, ಸೋಂಕು ಎಂಬ ಮಾತು ಬಂದರೆ ನಕ್ಕು ಎದ್ದು ಹೋಗುವವರ ಪೈಕಿ ನಾನೂ ಒಬ್ಬನಾಗಿದ್ದೆ. ಯಲಬುರ್ಗಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಾಗಿದ್ದವನಿಗೆ ಹಾಗಿರುವುದು ಒಂದು ಬಗೆಯ ಅಂತಸ್ತೂ ಆಗಿತ್ತು. ಗಂಗಾವತಿಯಲ್ಲಿದ್ದ ನನ್ನ ಸೋದರತ್ತೆ ಕಾಲುವೆ ದಂಡೆಯ ಹುಣಸೆಮರದಲ್ಲಿ ಒಬ್ಬ ಹೆಂಗಸು ಕೂತಿರುತ್ತಾಳೆಂದು ಆಣೆ ಮಾಡಿ ಹೇಳುತ್ತಿದ್ದಳು. “ಕಾಲುವಿ ನೀರು ಬಂದು ಇಷ್ಟು ವರ್ಸ ಆತು, ಆಕಿ ಇನ್ನೂ ಗಿಡದಾಗ ಕುಂತಾಳೇನತ್ತಿ? ನೆಲ್ಲು ಹಚ್ಚಾಕ ಕರೀರಿ, ಹೆಂಗೂ ಆಳು ಸಿಗವಲ್ರು” ಎಂದು ನಾನು ಕಾಡಿಸುತ್ತಿದ್ದೆ. ಅತ್ತೆ ಸಿಟ್ಟಾಗಿ ಚಹಾ ಕೊಡದೆ ಒಳಗೆ ಹೋಗಿಬಿಡುತ್ತಿದ್ದಳು.

ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಗಬಹುದು, ನನ್ನ ತಕರಾರಿಲ್ಲ. ಇಲ್ಲಿ ಬರೆದದ್ದರಲ್ಲಿ ಒಂದಷ್ಟನ್ನು ನಾನೇ ಕೇಳಿದ್ದೇನೆ, ಒಂದಷ್ಟನ್ನು ನನ್ನ ಹೆಂಡತಿ ಹೇಳಿದ್ದಾಳೆ. ಎರಡನ್ನೂ ಬೆರೆಸದೆ ಬರೆಯಲು ಪ್ರಯತ್ನಿಸುತ್ತೇನೆ.

ಮೊದಲು ಕುರಿಯ ವಿಷಯ ಹೇಳಬೇಕು. ನಮ್ಮದು ತಳಕಲ್ ಕಡೆಯ ಕುರಿ ಕಾಯುವ ಮನೆತನ. ಓದಿ ನೌಕರಿ ಹಿಡಿದವನು ನಾನೊಬ್ಬನೇ. ಆದರೂ ಹುಡುಗನಾಗಿದ್ದಾಗ ಸಾಲಿ ಬಿಟ್ಟ ಮೇಲೆ ಅಪ್ಪನ ಜೊತೆ ಅಡವಿಗೆ ಹೋಗುವುದು ತಪ್ಪುತ್ತಿರಲಿಲ್ಲ. ಸಂಜೆ ಹಿಂಡನ್ನು ದಡ್ಡಿಗೆ, ಅಂದರೆ ಮುಳ್ಳಿನ ಬೇಲಿಯ ಆವರಣಕ್ಕೆ, ತರುವಾಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಮುಂದೆ ನಡೆಯಬೇಕು, ಇನ್ನೊಬ್ಬ ಹಿಂದೆ. ಮುಂದಿನವನು ದಡ್ಡಿ ಮುಟ್ಟುವ ತನಕ ಹಿಂತಿರುಗಿ ನೋಡಬಾರದು. ಅವನು ತಿರುಗಿ ನಿಂತನೆಂದರೆ ದಾರಿ ಮುಗಿಯಿತೆಂದು ಕುರಿಗಳು ತಿಳಿಯುತ್ತವೆ, ನಿಂತಲ್ಲೇ ಚದುರುತ್ತವೆ. ತೋಳ ಕಾಯುವುದೇ ಆ ಹೊತ್ತನ್ನು. ಹಾಗಾಗಿ ಹಿಂದೆ ಏನಾಗುತ್ತಿದೆ ಎನ್ನುವುದನ್ನು ಮುಂದಿನವನು ಕಿವಿಯಿಂದಲೇ ತಿಳಿಯಬೇಕು. ಹಿಂದಿನವನು “ಹುರ್‍ಯೋ…” ಎಂದು ಒಮ್ಮೆ ಉದ್ದಕ್ಕೆ ಕೂಗಿದರೆ ಎಲ್ಲ ಸರಿಯಿದೆ, ನಡೆ ಎಂದರ್ಥ. ಒಂದರ ಹಿಂದೊಂದು ಎರಡು ಸಲ ಗಿಡ್ಡಗೆ ಕೂಗಿದರೆ ನಿಲ್ಲು ಎಂದರ್ಥ. ಮುಂದಿನವನು ಪ್ರತಿ ಕೂಗಿಗೂ “ಹೋ” ಎಂದು ಓಗೊಡಬೇಕು. ಇಷ್ಟೇ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆಫ್ರಿಕದ ದೇಶಗಳು ನಮ್ಮ ಕಡೆಯ ಮಾಸ್ತರರನ್ನು ಕರೆಸಿಕೊಳ್ಳುತ್ತಿದ್ದವು. ಗೆಳೆಯನೊಬ್ಬನ ಒತ್ತಾಯಕ್ಕೆ ನಾನೂ ಅರ್ಜಿ ಹಾಕಿದೆ, ಝಾಂಬಿಯಾದ ಒಂದು ಶಾಲೆಗೆ ಆಯ್ಕೆಯಾದೆ. ಆಗ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಹೆಂಡತಿ ಕುಷ್ಟಗಿಯವಳು. ತವರಿನಲ್ಲಿ ಅವಳ ಹೆಸರು ನೀಲವ್ವ. ಮದುವೆಯ ದಿನ ನಮ್ಮ ಮನೆಯವರು ಹೆಸರು ಬದಲಿಸಿ ಶಾಂತಾ ಎಂದಿಟ್ಟರು. ಆ ಎರಡು ಹೆಸರಿನಲ್ಲಿ ಯಾವುದರಿಂದಲೂ ನಾನು ಅವಳನ್ನು ಕರೆದವನಲ್ಲ. ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹಿಡಿಯುವುದು ನಮ್ಮಲ್ಲಿ ಇರಲಿಲ್ಲ. ನನಗೆ ಅವಳು ‘ಏ’, ಅವಳಿಗೆ ನಾನು ‘ರೀ’.

ಹುಬ್ಬಳ್ಳಿ ಹಿಡಿದು, ಮುಂಬಯಿ ಹಿಡಿದು, ವಿಮಾನ ಹತ್ತಿ ನಾವು ಆ ದೇಶ ಸೇರಿದೆವು. ನನಗೆ ಶಾಲೆ ಇತ್ತು, ಅವಳಿಗೆ ಏನೂ ಇರಲಿಲ್ಲ. ಕನ್ನಡ ಮಾತಾಡಲು ನಾನೊಬ್ಬ ಬಿಟ್ಟರೆ ಗೋಡೆ. ರಜೆ ಬಂದಾಗ ಜೊತೆಯ ಶಿಕ್ಷಕರೊಬ್ಬರು ಒಂದು ವನ್ಯಧಾಮದ ಸಂಗತಿ ಹೇಳಿದರು. ಬೇಟೆಗಾರರು ತಾಯಿಯನ್ನು ಕೊಂದು ಬಿಟ್ಟುಹೋದ ಮರಿಗಳನ್ನು ಅಲ್ಲಿ ಸಾಕಿ, ದೊಡ್ಡವಾದ ಮೇಲೆ ಕಾಡಿಗೆ ಬಿಡುತ್ತಾರೆ; ಕೆಲಸಕ್ಕೆ ಕೈ ಸಾಲದು, ಸ್ವಯಂಸೇವಕರು ಬಂದರೆ ಊಟ ವಸತಿ ಕೊಡುತ್ತಾರೆ ಎಂದರು. ಹೆಂಡತಿ ನಾನು ಬಾಯಿ ತೆರೆಯುವ ಮೊದಲೇ ಚೀಲ ಕಟ್ಟಿದಳು.

ಅಲ್ಲಿಯ ನೆಲ ನೋಡಿ ನನಗೆ ನಗು ಬಂತು. ಅಷ್ಟು ದೂರ ಹಾರಿ ಹೋದರೆ ಅಲ್ಲಿ ಕುಷ್ಟಗಿಯ ಕೆಂಪು ಮಸಾರಿ ಮಣ್ಣೇ ಹಾಸಿತ್ತು. ನಡುನಡುವೆ ಗಂಗಾವತಿ ಕಡೆ ಇರುವಂಥವೇ ದೊಡ್ಡ ಬಂಡೆಗುಂಡುಗಳು. ವನ್ಯಧಾಮ ನಡೆಸುತ್ತಿದ್ದವರು ಬಿಳಿಯ ಪಶುವೈದ್ಯೆ, ವಯಸ್ಸಾದವರು. ಅವರ ಬಲಗೈಯಾಗಿ ಮ್ವಾಲೆ ಎಂಬ ಅಲ್ಲಿಯವರೇ ಒಬ್ಬರು ಕಾವಲುಗಾರರಿದ್ದರು. ನಮಗೆ ಕೊಟ್ಟ ಕೆಲಸ ಜಿಂಕೆ ಜಾತಿಯ ಮರಿಗಳನ್ನು ಹಗಲು ಬಯಲಿನಲ್ಲಿ ಮೇಯಿಸಿ ಸಂಜೆಗೆ ತಂತಿ ಬೇಲಿಯೊಳಗೆ ತರುವುದು. ಮ್ವಾಲೆಯವರು ಕೋಲು ಹಿಡಿದು ಹಿಂದಿನಿಂದ ಅಟ್ಟುತ್ತಿದ್ದರು, ಮರಿಗಳು ದಿಕ್ಕಿಗೊಂದು ಓಡುತ್ತಿದ್ದವು. ನಾನು ನಮ್ಮಪ್ಪನ ಪದ್ಧತಿ ಹಚ್ಚಿದೆ. ನಾನು ಮುಂದೆ, ಹೆಂಡತಿ ಹಿಂದೆ, ನಡುವೆ ಮರಿಗಳು. ಕೆಲವೇ ದಿನಗಳಲ್ಲಿ ಅವು “ಹುರ್‍ಯೋ” ಕೇಳಿದರೆ ಸಾಲು ಹಿಡಿಯುವಂತಾದವು. ಮರುವರ್ಷದ ರಜೆಗೂ ನಮ್ಮನ್ನೇ ಕರೆಸಿಕೊಂಡರು. ಹೆಂಡತಿಗೆ ಇದು ಹಿಡಿಸಿಬಿಟ್ಟಿತ್ತು. ದಾರಿಯುದ್ದಕ್ಕೂ ಹಿಂದಿನಿಂದ ಅವಳ ಮಾತು ನಿಲ್ಲುತ್ತಿರಲಿಲ್ಲ. “ನಿಮ್ಮಪ್ಪ ಸೊಸಿನ್ನ ತಂದಾನೋ ಕುರಿ ಕಾಯಾಕ ಆಳ್ನ ತಂದಾನೋ, ಈಗ ಗೊತ್ತಾತು ನೋಡ್ರಿ” ಎಂದು ಒಮ್ಮೆ ಅಂದದ್ದು ನೆನಪಿದೆ. ತಿರುಗಿ ನೋಡುವಂತಿರಲಿಲ್ಲವಾದ್ದರಿಂದ ಮುಂದೆ ನೋಡುತ್ತಲೇ ನಕ್ಕಿದ್ದೆ.

ಆ ಎರಡನೆಯ ರಜೆಯಲ್ಲಿ ನಡೆದದ್ದು ಇದು.

ಹಿಂದಿನ ದಿನ ಚಿರತೆಯೊಂದು ಒಂದು ಮರಿಯನ್ನು ಎತ್ತಿಕೊಂಡು ಹೋಗಿತ್ತು. ಹಾಗಾಗಿ ಬಿಸಿಲಿರುವಾಗಲೇ ಮರಿಗಳನ್ನು ತಂದುಬಿಡಿ ಎಂದು ಪಶುವೈದ್ಯೆ ಹೇಳಿದ್ದರು. ದಿನವೂ ನಮ್ಮ ಜೊತೆ ಬಂದೂಕು ಹಿಡಿದು ಬರುತ್ತಿದ್ದ ಮ್ವಾಲೆಯವರು ಅಂದು ಬೇಲಿ ರಿಪೇರಿಗೆ ನಿಂತಿದ್ದರು. ನಾವಿಬ್ಬರೇ ಹೊರಟೆವು. ಬಯಲಿನಿಂದ ಬರುವ ದಾರಿ ಮೊದಲು ಎದೆಮಟ್ಟದ ಒಣಹುಲ್ಲಿನ ನಡುವೆ ಇತ್ತು. ಆಮೇಲೆ ಒಂದು ಬತ್ತಿದ ಹಳ್ಳ, ಹಳ್ಳದ ಪಕ್ಕ ಮನೆಯೆತ್ತರದ ಒಂದು ಗುಂಡು, ಅಲ್ಲಿಂದ ಮತ್ತೆ ಹುಲ್ಲಿನ ನಡುವೆ ಏರು ಹತ್ತಿದರೆ ಗೇಟು. ಹಳ್ಳ ಬಲಕ್ಕೆ ಹೋದಂತೆ ಆಳವಾಗಿ ಕೊರಕಲಾಗುತ್ತಿತ್ತು, ಆ ಕಡೆ ನಾವು ಯಾರೂ ಕಾಲಿಡುತ್ತಿರಲಿಲ್ಲ.

ಹಳ್ಳ ದಾಟುವವರೆಗೆ ಹೆಂಡತಿ ಮಾತಾಡುತ್ತಲೇ ಇದ್ದಳು. ಕುಷ್ಟಗಿಯಲ್ಲಿ ಅವಳ ತಂಗಿಯ ನಿಶ್ಚಿತಾರ್ಥದ ಸುದ್ದಿ. ದಾಟಿದ ಮೇಲೆ ಮಾತು ನಿಂತಿತು. ದಣಿದಿರಬೇಕು ಅಂದುಕೊಂಡೆ. ಆದರೆ ಕೂಗು ಬರುತ್ತಿತ್ತು. “ಹುರ್‍ಯೋ…” ನಾನು “ಹೋ” ಎಂದೆ. ಸ್ವಲ್ಪ ನಡೆದೆ. ಮತ್ತೆ ಕೂಗು. ಮತ್ತೆ ಹೋ ಎಂದೆ.

ಮೊದಲು ನನ್ನ ಲಕ್ಷ್ಯಕ್ಕೆ ಬಂದದ್ದು ಮರಿಗಳು. ದಿನವೂ ದಾರಿಯಲ್ಲಿ ಹುಲ್ಲಿಗೆ ಬಾಯಿ ಹಾಕುತ್ತ ಹಿಂದುಳಿಯುವ ಮರಿಗಳು ಅಂದು ನನ್ನ ಕಾಲಿಗೆ ತಾಗಿ ಒತ್ತುತ್ತಿದ್ದವು. ಮುಂದಿದ್ದ ಎರಡು ನನ್ನ ಮೊಣಕಾಲಿನ ನಡುವೆ ತೂರಲು ನೋಡಿದವು. ಅವುಗಳ ಮೈ ನಡುಗುತ್ತಿತ್ತು. ಚಿರತೆಯ ವಾಸನೆ ಸಿಕ್ಕಿರಬೇಕು ಅಂದುಕೊಂಡೆ. ನಾನು ಕಾಲು ಜೋರು ಮಾಡಿ, ಮುಂದೆ ನೋಡುತ್ತಲೇ ಕೂಗಿ ಕೇಳಿದೆ: “ಏ, ಯಾಕ ಮಾತ ನಿಂತ್ವು? ಛಲೋ ಅದಿಯಿಲ್ಲೋ?”

ಉತ್ತರವಾಗಿ “ಹುರ್‍ಯೋ…” ಎಂದಿತು.

“ಕೂಗು ಸಾಕು, ಮಾತಾಡು” ಎಂದೆ.

“ಹುರ್‍ಯೋ…”

ಅವಳ ದನಿಯೇ. ಕೊನೆಗೆ ಸ್ವಲ್ಪ ಮೇಲೆತ್ತುವ ಅವಳ ರೀತಿಯೇ. ಆದರೆ ಪ್ರತಿ ಸಲ ಅಷ್ಟೇ ಉದ್ದ, ಅಷ್ಟೇ ಏರು, ಒಂಚೂರೂ ಹೆಚ್ಚು ಕಡಿಮೆಯಿಲ್ಲ. ಏರು ಹತ್ತುವವರ ದನಿಯಲ್ಲಿ ಏದುಸಿರು ಇರುತ್ತದೆ, ಇದರಲ್ಲಿ ಇರಲಿಲ್ಲ. ಆಗ ಇನ್ನೊಂದು ಸಂಗತಿ ಹೊಳೆಯಿತು. ಅವಳ ಚಪ್ಪಲಿಯ ಸಪ್ಪಳ ಎಷ್ಟೋ ಹೊತ್ತಿನಿಂದ ಕೇಳಿಸಿಯೇ ಇರಲಿಲ್ಲ. ಕೂಗು ಮಾತ್ರ ಹತ್ತಿರ ಬರುತ್ತಿತ್ತು. ಕೊನೆಯ ಮರಿಯ ಬೆನ್ನಿಗೇ ನಿಂತು ಕೂಗಿದಷ್ಟು ಹತ್ತಿರ.

ನನಗೆ ಭಯವಾಯಿತು. ಇದಕ್ಕಿಂತ ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಇನ್ನೂ ಇಳಿಬಿಸಿಲು ಮುಖದ ಮೇಲಿತ್ತು, ಗೇಟು ಕಣ್ಣಿಗೆ ಕಾಣುತ್ತಿತ್ತು, ಆದರೂ ಭಯ ಹೋಗಲಿಲ್ಲ. ತಿರುಗಿ ನೋಡಬೇಕೆಂದು ಪ್ರಾಣ ಹೇಳುತ್ತಿತ್ತು. ತಿರುಗಿದರೆ ಮರಿಗಳು ಚದುರುತ್ತವೆ, ಚಿರತೆ ಸುತ್ತಮುತ್ತಲೇ ಇದೆ ಎಂದು ಬುದ್ಧಿ ಹೇಳುತ್ತಿತ್ತು. ನಿಜ ಹೇಳಬೇಕೆಂದರೆ ಮರಿಗಳ ನೆವ ಅರ್ಧ. ತಿರುಗಿದರೆ ಅಲ್ಲಿ ಅವಳು ಇರುವುದಿಲ್ಲ ಎಂಬುದು ಹೇಗೋ ನನಗೆ ಗೊತ್ತಾಗಿತ್ತು. ಇನ್ನೇನಿರುತ್ತದೆ ಎಂಬುದನ್ನು ನೋಡುವ ಧೈರ್ಯ ಬರಲಿಲ್ಲ. ಕೂಗು ಬಂದಾಗಲೆಲ್ಲ ಹೋ ಎನ್ನುತ್ತ ನಡೆದೆ. ಓಗೊಡುವುದನ್ನು ನಿಲ್ಲಿಸಿದರೆ ಏನಾದರೂ ಆದೀತೆಂದು ಅದಕ್ಕೂ ಹೆದರಿದ್ದೆ.

ಮ್ವಾಲೆ ಗೇಟು ತೆರೆದು ನಿಂತಿದ್ದರು. ಮರಿಗಳು ನನ್ನನ್ನು ನೂಕಿಕೊಂಡು ಒಳಗೆ ನುಗ್ಗಿದವು. ಕೊನೆಯದು ಒಳಗಾದ ಮೇಲೆ ತಿರುಗಿದೆ. ದಾರಿ ಖಾಲಿಯಿತ್ತು.

“ನನ್ನ ಹೆಂಡತಿ ಎಲ್ಲಿ?” ಎಂದೆ.

“ಬರುತ್ತಿದ್ದಾರಲ್ಲ, ಕೂಗು ಈಗಷ್ಟೇ ಕೇಳಿತು” ಎಂದು ಮ್ವಾಲೆ ಹುಲ್ಲಿನ ಕಡೆ ನೋಡಿದರು. ನಾವಿಬ್ಬರೂ ನೋಡುತ್ತಿರುವಾಗಲೇ, ಗೇಟಿನ ಎದುರಿಗೆ, ಯಾರೂ ಇಲ್ಲದ ಆ ಹುಲ್ಲಿನ ಅಂಚಿನಿಂದ ಮತ್ತೊಮ್ಮೆ ಬಂತು: “ಹುರ್‍ಯೋ…” ಒಳಗಿದ್ದ ಮರಿಗಳೆಲ್ಲ ಒಂದರ ಮೇಲೊಂದು ಬಿದ್ದು ದೂರದ ಮೂಲೆಗೆ ಓಡಿದವು. ಮ್ವಾಲೆ ಗೇಟು ಹಾಕಿ ಅಗಳಿ ಜಡಿದರು.

ಜೀಪು, ಬಂದೂಕು ತರುತ್ತೇನೆ, ನಿಲ್ಲಿ ಎಂದು ಅವರು ವಸತಿಯ ಕಡೆ ಓಡಿದರು. ನನಗೆ ನಿಲ್ಲಲಾಗಲಿಲ್ಲ. ನನ್ನ ಹಿಂದೆ ಇದ್ದದ್ದು ಅವಳಲ್ಲ ಎಂದರೆ ಅವಳು ಎಲ್ಲೋ ಒಬ್ಬಳೇ ಇದ್ದಾಳೆ, ಅಥವಾ ಇಲ್ಲ. ಆ ಎರಡನೆಯ ಮಾತು ತಲೆಗೆ ಬಂದದ್ದೇ ತಡ, ಬೇಲಿ ಜಿಗಿದು ಬಂದ ದಾರಿಯಲ್ಲೇ ಇಳಿದೆ. ಆ ಹುಲ್ಲಿನ ಪಕ್ಕದಲ್ಲೇ ಹಾಯಬೇಕಿತ್ತು. ಕಣ್ಣು ನೆಲಕ್ಕೆ ನೆಟ್ಟು ಓಡಿದೆ. ಅಲ್ಲಿ ಏನಿತ್ತೋ ನಾನು ನೋಡಲಿಲ್ಲ.

ಹಳ್ಳದ ಹತ್ತಿರ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಅವಳನ್ನು ಹೇಗೆ ಕೂಗಲಿ? ನಮ್ಮ ಕೂಗು ನನ್ನ ಬಾಯಿಂದ ಹೊರಡಲೊಲ್ಲದು. ‘ಏ’ ಎಂದರೆ ಅಷ್ಟು ದೊಡ್ಡ ಬಯಲಿನಲ್ಲಿ ಯಾರಿಗೆ ಕೇಳೀತು? ಜನ್ಮದಲ್ಲಿ ಮೊದಲ ಸಲ ಅವಳ ಹೆಸರು ಹಿಡಿದು ಕೂಗಿದೆ. “ಶಾಂತಾ! ಶಾಂತಾ!” ಆ ದೊಡ್ಡ ಗುಂಡಿನ ಕೆಳಗೆ ನಿಂತು ಗಂಟಲು ಹರಿಯುವಂತೆ ಕೂಗಿದೆ. ಯಾರೂ ಓ ಎನ್ನಲಿಲ್ಲ. ಹಳ್ಳದ ಮರಳಿನಲ್ಲಿ ಅವಳ ಒಂದು ಚಪ್ಪಲಿ ಬಿದ್ದಿತ್ತು, ಅದರ ಉಂಗುಟದ ಪಟ್ಟಿ ಕಿತ್ತುಹೋಗಿತ್ತು. ಅಲ್ಲಿಂದ ಅವಳ ಹೆಜ್ಜೆಗಳು ದಾರಿ ಬಿಟ್ಟು ಬಲಕ್ಕೆ, ಕೊರಕಲಿನ ಕಡೆಗೆ ಹೊರಟಿದ್ದವು. ಅದನ್ನು ಕಂಡು ನಾನು ಮರಳಿನ ಮೇಲೆ ಕುಸಿದು ಕೂತು ಅತ್ತುಬಿಟ್ಟೆ.

ಕತ್ತಲಾದ ಮೇಲೆ ಜೀಪಿನ ಬೆಳಕು ಬಂತು. ಮ್ವಾಲೆ ನನ್ನ ಹೆಸರು ಕೂಗಿದರು. ಆಗ ತಲೆಯ ಮೇಲೆ ಏನೋ ಸರಿದ ಸದ್ದಾಯಿತು. ನಾನು ಅಷ್ಟು ಹೊತ್ತು ಯಾವ ಗುಂಡಿನ ಬುಡದಲ್ಲಿ ನಿಂತು ಕೂಗಿದ್ದೆನೋ ಅದರ ನೆತ್ತಿಯಿಂದ ಹೆಂಡತಿ ಮೆಲ್ಲಗೆ ಇಳಿದು ಬಂದಳು. ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಮೊಣಕೈ ಮೊಣಕಾಲು ತರಚಿ ರಕ್ತ ಬಂದಿತ್ತು. ಜೀಪಿನಲ್ಲಿ ನನ್ನ ಪಕ್ಕ ಕೂಡಲಿಲ್ಲ, ಮುಂದೆ ಮ್ವಾಲೆಯ ಪಕ್ಕ ಕೂತಳು. ಹೆದರಿಕೆಗೆ ಹಾಗೆ ಮಾಡಿದ್ದಾಳೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅವಳು ಹೇಳಿದ್ದು ಇಷ್ಟು. ಹಳ್ಳದಲ್ಲಿ ಚಪ್ಪಲಿಯ ಉಂಗುಟ ಕಿತ್ತಿತು. ನಿಲ್ಲಿರೆಂದು ಎರಡು ಸಲ ಗಿಡ್ಡಗೆ ಕೂಗಿದಳು. “ಹೋ” ಎಂದು ನನ್ನ ದನಿಯಲ್ಲೇ ಉತ್ತರ ಬಂತು. ಅದು ಬಂದದ್ದು ಬಲಗಡೆಯಿಂದ. ನಾನು ಮರಿಯ ಹಿಂದೆ ಆ ಕಡೆ ಇಳಿದಿರಬೇಕೆಂದು ಅವಳು ಮತ್ತೆ ಕೂಗಿದಳು, ಮತ್ತೆ ಅಲ್ಲಿಂದಲೇ ಹೋ ಎಂದಿತು. ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಆ ದನಿಯ ಹಿಂದೆ ನಡೆದಳು. ಕೊರಕಲಿನ ಬಾಯಿಗೆ ಬಂದಾಗ ಅದು ಮಾತಾಡಿತು.

“‘ನೀಲವ್ವಾ, ಇತ್ತ ಬಾ’ ಅಂತು ನೋಡ್ರಿ. ನಿಮ್ದ ದನಿ. ನೀವು ನನ್ನ ತವರಮನಿ ಹೆಸರು ಹಿಡದು ಯಾಕ ಕರೀತೀರಿ? ಎದಿ ಧಸಕ್ ಅಂತು. ಹಿಂದ ಸರದು ಗುಂಡು ಏರಿ ಕುಂತೆ.”

“ನಾ ಕೂಗಿದಾಗ ಯಾಕ ಓ ಅನ್ಲಿಲ್ಲ?” ಎಂದು ಕೇಳಿದೆ.

“ಬಾಯಿ ಕಟ್ಟಿತ್ತು” ಎಂದಳು. ನಾನು ಅದನ್ನೇ ನಂಬಿದೆ.

ಪಶುವೈದ್ಯೆ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಅಲ್ಲಿಯ ಕೆಲವು ಹಕ್ಕಿಗಳು ಮನುಷ್ಯರ ಸಿಳ್ಳು, ಕೂಗನ್ನು ಕಲಿತು ಹಾಗೆಯೇ ಕೂಗುತ್ತವೆ, ನಿಮ್ಮ ಕೂಗನ್ನು ಎರಡು ವರ್ಷದಿಂದ ಅವು ಕೇಳುತ್ತಿವೆ ಎಂದರು. ಅದು ಬುದ್ಧಿಗೆ ಒಪ್ಪುವ ಮಾತು, ನಾನು ಈಗಲೂ ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಆ ದೇಶದಲ್ಲಿ ಯಾರೂ, ನಾನೂ ಸಹ, ನೀಲವ್ವ ಎಂಬ ಹೆಸರನ್ನು ಬಾಯಿಬಿಟ್ಟು ಆಡಿರಲಿಲ್ಲ. ಹಕ್ಕಿಗೆ ಅದನ್ನು ಕಲಿಸಿದವರು ಯಾರು? ನಾವು ಅಲ್ಲಿಂದ ಹೊರಡುವವರೆಗೂ ಮರಿಗಳನ್ನು ತರುವ ಕೆಲಸ ಮ್ವಾಲೆಯೊಬ್ಬರೇ ಮಾಡಿದರು, ಬಾಯಿ ಮುಚ್ಚಿಕೊಂಡು, ಕೋಲಿನಿಂದ ಅಟ್ಟಿಕೊಂಡು.

ಕರಾರು ಮುಗಿದು ಊರಿಗೆ ಬಂದ ಮೇಲೆ ತಳಕಲ್‌ನಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ಅವನು ತಂಬಾಕು ತಿಕ್ಕುವುದನ್ನು ನಿಲ್ಲಿಸಿದ.

“ಎರಡೂ ವರ್ಸ ಒಂದ ಕೂಗು ಇಟ್ಟಿದ್ದೇನಲೇ?”

“ಹೂನಪ್ಪಾ.”

“ಅಡವಿ ಬದಲಾದ್ರ ಕೂಗೂ ಬದಲಾಗಬೇಕು. ನಾವು ದಡ್ಡಿ ಕಿತ್ತಾಗೊಮ್ಮೆ ಬದಲ ಮಾಡ್ತೀವಿ, ನೀ ಸಾಲಿಗೆ ಹೋಗಾಂವ, ಊರ ದಡ್ಡಿ ಕೂಗಷ್ಟ ನಿನಗ ಗೊತ್ತು, ಇದನ್ನ ಹೇಳಿದ್ದಿಲ್ಲ. ಒಂದ ಇಟ್ರ ಯಾವುದರ ಕಲ್ತಬಿಡ್ತೈತಿ.”

“ಯಾವುದು ಕಲೀತೈತಿ?”

“ಯಾವುದರ” ಎಂದ ಅಪ್ಪ, ಕುರಿ ನೋಡುವ ನೆವ ಮಾಡಿ ಎದ್ದು ಹೋದ. ಆಮೇಲೆ ಎಷ್ಟು ಸಲ ಕೇಳಿದರೂ ಆ ಮಾತಿಗೆ ಬರಲಿಲ್ಲ.

ಮುಂದೆ ಕೊಪ್ಪಳಕ್ಕೆ ವರ್ಗವಾಗಿ ಅಲ್ಲೇ ಮನೆ ಮಾಡಿದೆವು. ಮಕ್ಕಳಾದವು, ದೊಡ್ಡವಾದವು. ಆ ಸಂಗತಿಯನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ. ಬಹಳ ವರ್ಷಗಳ ನಂತರ ಒಂದು ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು, ನಾನು ಪೇಪರು ಓದುತ್ತಿದ್ದೆ. ಅವಳು ತಲೆ ಎತ್ತದೆ ಹೇಳಿದಳು:

“ಅವತ್ತು ನನ್ನ ಬಾಯಿ ಕಟ್ಟಿದ್ದಿಲ್ರಿ.”

ಯಾವತ್ತು ಎಂದು ನಾನು ಕೇಳಬೇಕಾಗಲಿಲ್ಲ.

“ಗುಂಡಿನ ಮ್ಯಾಲಿಂದ ಎಲ್ಲಾ ಕಾಣ್ತಿತ್ತು. ನೀವು ಓಡಿ ಬಂದಿದ್ದು, ಶಾಂತಾ ಅಂತ ಒದರಿದ್ದು, ಅತ್ತಿದ್ದು.”

“ಮತ್ತ ಸುಮ್ಮನ ಯಾಕ ಕುಂತಿ?”

“ಅದಕ್ಕ ಮೊದಲೊಮ್ಮೆ ನಿಮ್ಮ ದನಿ ನಂಬಿ ಹೋಗಿದ್ದೆ. ನೀವು ಯಾವತ್ತರ ನನ್ನ ಹೆಸರು ಹಿಡದು ಕರದೀರೇನು? ಕೆಳಗ ನಿಂತಿದ್ದು ನಿಮ್ಮಂಗ ಇತ್ತು. ನೀವ ಅಂತ ಹೆಂಗ ತಿಳಕೋಬೇಕಿತ್ತು?”

“ಆಮ್ಯಾಲೆ ಇಳದು ಬಂದ್ಯಲ್ಲ?”

“ಆ ಮನಷ್ಯಾ ಜೀಪ್ ತಗೊಂಡು ಬಂದ. ಕತ್ತಲಾಗಿತ್ತು. ಇಳೀದ ಏನು ಮಾಡ್ಲಿ?”

ಒಳಗಿನ ಭಯ ಮರೆಸಲು ನಕ್ಕೆ. “ಇಷ್ಟು ವರ್ಸ ಸಂಸಾರ ಮಾಡೀದಿ, ಈಗರ ಖಾತ್ರಿ ಆಗೈತಿಲ್ಲೋ?” ಎಂದೆ.

ಅವಳು ಕೈಯಲ್ಲಿದ್ದ ಶೇಂಗಾ ಮೊರಕ್ಕೆ ಹಾಕಿ ನನ್ನ ಮುಖವನ್ನು ನೋಡಿದಳು. ಕಣ್ಣು, ಹಣೆ, ಬಾಯಿ ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಆಗೈತಿ ಬಿಡ್ರಿ” ಎಂದು ಮತ್ತೆ ಮೊರದ ಮೇಲೆ ಬಾಗಿದಳು.

ಅಷ್ಟು ಹೇಳಲು ಅಷ್ಟು ಹೊತ್ತು ಯಾಕೆ ಬೇಕಾಯಿತೆಂದು ನಾನು ಕೇಳಲಿಲ್ಲ. ಈಗಲೂ ಕೇಳುವ ಧೈರ್ಯ ನನಗಿಲ್ಲ.